ಸಂಜೆ ಏಳಾದರೆ ಪಿಂಗ್ 40ರಿಂದ 250ಕ್ಕೆ ಹಾರುತ್ತದೆ: ತಪ್ಪು ಲೈನಿನದೋ, ನಮ್ಮ ಮನೆಯದೋ?

ಅಡಿಕೆತೋಟ_ಗೇಮರ್ (ಶನಿವಾರ, ರಾತ್ರಿ 11:52)

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ಸಾಗರದಿಂದ ಹದಿನೈದು ಕಿಲೋಮೀಟರ್ ಒಳಗೆ ನಮ್ಮ ಮನೆ. ಎರಡು ವರ್ಷದಿಂದ ಊರಿನ ಕೇಬಲ್‌ನವರ ಫೈಬರ್ ಇದೆ. ಡೌನ್‌ಲೋಡ್ 50, ಅಪ್‌ಲೋಡ್ 10 ಎಂಬಿಪಿಎಸ್. ವ್ಯಾಲರಂಟ್ ಅನ್ನೋ ಆನ್‌ಲೈನ್ ಶೂಟರ್ ಆಟ ಆಡುತ್ತೇನೆ, ಮುಂಬೈ ಸರ್ವರ್. ಇಷ್ಟು ದಿನ ಪಿಂಗ್ (ಸರ್ವರ್‌ಗೆ ಹೋಗಿ ಬರೋ ಹೊತ್ತು) 40 ಮಿಲಿಸೆಕೆಂಡ್ ಇರುತ್ತಿತ್ತು, ಖುಷಿಯಾಗಿದ್ದೆ. ಒಂದು ತಿಂಗಳಿಂದ ಸಂಜೆ ಏಳಾದರೆ ಸಾಕು, 40, 45, 250, 60, 310. ಬೆಳಿಗ್ಗೆ ಆಡಿದರೆ ಏನೂ ತೊಂದರೆ ಇಲ್ಲ. ಆದರೆ ಬೆಳಿಗ್ಗೆ ನಾನು ಕಾಲೇಜಿನಲ್ಲಿ ಇರುತ್ತೇನೆ, ಏನು ಪ್ರಯೋಜನ?

ಸ್ಪೀಡ್ ಟೆಸ್ಟ್ ಮಾಡಿದರೆ ರಾತ್ರಿಯೂ 45ರ ಹತ್ತಿರ ತೋರಿಸುತ್ತದೆ. ಕೇಬಲ್‌ನವರಿಗೆ ಮೂರು ಸಲ ಫೋನ್ ಮಾಡಿದೆ. "ಸ್ಪೀಡ್ ಬರ್ತಿದೆಯಲ್ಲ, ಇನ್ನೇನು ಬೇಕು?" ಅಂದರು. ಸಿಟ್ಟಲ್ಲಿ ಜಗಳ ಆಡಿದೆ. ಈಗ ನನ್ನ ಫೋನ್ ಎತ್ತುತ್ತಿಲ್ಲ.

ಮೈಸೂರು_ಮಿಡ್‌ಲೇನ್ (ಭಾನುವಾರ, ಬೆಳಿಗ್ಗೆ 7:15)

ಡಿಎನ್‌ಎಸ್ ಬದಲಾಯಿಸಿ ನೋಡಿ. 1.1.1.1 ಹಾಕಿ. ನನಗೆ ಒಂದು ಸಲ ಸರಿಹೋಗಿತ್ತು.

ಹುಬ್ಬಳ್ಳಿ_ಹೆಡ್‌ಶಾಟ್ (ಭಾನುವಾರ, ಬೆಳಿಗ್ಗೆ 9:40)

ಸಂಜೆ ಏಳರ ಮೇಲೆ ಅಂದ್ರೆ ಪೀಕ್ ಅವರ್ ರೀ. ಊರೆಲ್ಲ ಧಾರಾವಾಹಿ ನೋಡೋ ಹೊತ್ತು. ಕಂಪನಿ ಚೇಂಜ್ ಮಾಡಿ, ಅಷ್ಟೇ. ಇಲ್ಲಾ ಅಂದ್ರೆ ಪಿಂಗ್ ಬೂಸ್ಟರ್ ಆಪ್ ಸಿಗುತ್ತವೆ, ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಆಯಿತು.

ಅಡಿಕೆತೋಟ_ಗೇಮರ್ (ಭಾನುವಾರ, ಬೆಳಿಗ್ಗೆ 10:05)

ಬದಲಾಯಿಸೋಕೆ ನಮ್ಮ ಊರಲ್ಲಿ ಇನ್ನೊಂದು ಕಂಪನಿ ಇದ್ದರೆ ತಾನೇ ಅಣ್ಣ. ಇರೋದೇ ಇವರು. ಮೊಬೈಲ್ ಸಿಗ್ನಲ್ ಬೇಕು ಅಂದರೆ ಗುಡ್ಡ ಹತ್ತಬೇಕು.

ಡಿಎನ್‌ಎಸ್ ಈಗಷ್ಟೇ ಬದಲಿಸಿದೆ. ರಾತ್ರಿ ನೋಡಿ ಹೇಳುತ್ತೇನೆ.

ಪ್ಯಾಕೆಟ್_ಪುರಾಣ (ಭಾನುವಾರ, ಬೆಳಿಗ್ಗೆ 11:30)

ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುತ್ತೇನೆ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಲ್ಲ. ಆದರೂ ಬರೆಯುತ್ತೇನೆ, ಏಕೆಂದರೆ ಮೇಲೆ ಬಂದ ಸಲಹೆಗಳು ಕಾಯಿಲೆ ಏನು ಅಂತ ನೋಡದೆ ಮಾತ್ರೆ ಕೊಟ್ಟ ಹಾಗಿವೆ.

ಡಿಎನ್‌ಎಸ್ ಮಾಡೋದು ಹೆಸರಿನಿಂದ ವಿಳಾಸ ಹುಡುಕುವ ಕೆಲಸ. ಆಟ ಶುರುವಾದ ಮೇಲೆ ಅದಕ್ಕೆ ಅಲ್ಲಿ ಕೆಲಸವೇ ಇಲ್ಲ. ಮನೆ ಹುಡುಕಲು ದಾರಿ ಕೇಳಿದಿರಿ, ಅವರು ತೋರಿಸಿದರು. ಆಮೇಲೆ ರಸ್ತೆಯಲ್ಲಿ ಗುಂಡಿ ಇದ್ದರೆ ದಾರಿ ತೋರಿಸಿದವರು ಏನು ಮಾಡಲಿಕ್ಕಾಗುತ್ತದೆ?

ಸ್ಪೀಡ್ ಟೆಸ್ಟ್ ಕೂಡ ಇಲ್ಲಿ ಸಾಕ್ಷಿ ಅಲ್ಲ. ಶೂಟರ್ ಆಟಕ್ಕೆ ಸಾಮಾನ್ಯವಾಗಿ ಒಂದು ಎಂಬಿಪಿಎಸ್ ಕೂಡ ಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಸಣ್ಣ ಸಣ್ಣ ಪ್ಯಾಕೆಟ್ (ಡೇಟಾದ ತುಣುಕು) ಹೊತ್ತಿಗೆ ಸರಿಯಾಗಿ ಹೋಗಿ ಬರೋದು. ಬೆಳಕು ಫೈಬರ್ ಒಳಗೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ 1000 ಕಿಲೋಮೀಟರ್ ಹೋಗಿ ಬರಲು 10 ಮಿಲಿಸೆಕೆಂಡ್ ಬೇಕೇ ಬೇಕು. ನಿಮ್ಮ ಊರಿಂದ ಹೊರಟು, ಬಹುಶಃ ಬೆಂಗಳೂರು ಸುತ್ತಿ, ಮುಂಬೈ ಮುಟ್ಟಿ ಬರಲು 40 ಅಂದರೆ ಚೆನ್ನಾಗಿಯೇ ಇದೆ. ಅದರ ಮೇಲೆ ಬಂದ 200 ಎಲ್ಲೋ ಒಂದು ಕಡೆ ಕ್ಯೂನಲ್ಲಿ ನಿಂತ ಹೊತ್ತು. ಎಲ್ಲಿ ನಿಂತಿತು ಅನ್ನೋದನ್ನು ಹುಡುಕಬೇಕು.

ಇವತ್ತು ರಾತ್ರಿ ಪಿಂಗ್ ಕೆಟ್ಟಾಗ ಹೀಗೆ ಮಾಡಿ. ಕಮಾಂಡ್ ಪ್ರಾಂಪ್ಟ್ ಮೂರು ಕಿಟಕಿ ತೆರೆಯಿರಿ. ಮೂರರಲ್ಲೂ ಪಿಂಗ್ ಕಮಾಂಡ್ ಹಾಕಿ, ಕೊನೆಗೆ -ಟಿ ಸೇರಿಸಿ (ಇಂಗ್ಲಿಷ್ ಅಕ್ಷರದಲ್ಲೇ). ಆಗ ನೀವು ನಿಲ್ಲಿಸುವ ತನಕ ಓಡುತ್ತಿರುತ್ತದೆ. ಮೊದಲನೇ ಕಿಟಕಿಯಲ್ಲಿ ನಿಮ್ಮ ರೂಟರ್ ವಿಳಾಸ, ಹೆಚ್ಚಾಗಿ 192.168.1.1. ಎರಡನೆಯದರಲ್ಲಿ ಟ್ರೇಸರ್ಟ್ (ದಾರಿಯಲ್ಲಿ ಸಿಗುವ ರೂಟರುಗಳನ್ನು ಸಾಲಾಗಿ ತೋರಿಸುವ ಕಮಾಂಡ್) ಮಾಡಿದಾಗ ರೂಟರ್ ಆದಮೇಲೆ ಸಿಗುವ ಮೊದಲ ವಿಳಾಸ, ಅಂದರೆ ಕೇಬಲ್‌ನವರದ್ದು. ಮೂರನೆಯದರಲ್ಲಿ 8.8.8.8, ಅಂದರೆ ಹೊರಗಿನ ಗೂಗಲ್ ಸರ್ವರ್. ಮೂರನ್ನೂ ಅಕ್ಕಪಕ್ಕ ಇಟ್ಟು ಹತ್ತು ನಿಮಿಷ ನೋಡಿ. ಯಾವ ಕಿಟಕಿಯಿಂದ ಸಂಖ್ಯೆ ಕೆಡಲು ಶುರುವಾಗುತ್ತದೋ ಕಳ್ಳ ಅಲ್ಲಿದ್ದಾನೆ.

ಅಲ್ಲಿಯ ತನಕ ಏನೂ ಕೊಳ್ಳಬೇಡಿ, ಯಾರಿಗೂ ಬೈಯಬೇಡಿ.

ಹುಬ್ಬಳ್ಳಿ_ಹೆಡ್‌ಶಾಟ್ (ಭಾನುವಾರ, ಮಧ್ಯಾಹ್ನ 12:10)

ಸರ್, ಬೂಸ್ಟರ್ ಆಪ್ ಬಗ್ಗೆ ಏನೂ ಹೇಳಲಿಲ್ಲ. ನಾನು ದುಡ್ಡು ಕೊಟ್ಟುಬಿಟ್ಟಿದ್ದೇನೆ.

ಪ್ಯಾಕೆಟ್_ಪುರಾಣ (ಭಾನುವಾರ, ಮಧ್ಯಾಹ್ನ 12:25)

ಅವು ನಿಮ್ಮ ಟ್ರಾಫಿಕ್ಕನ್ನು ಬೇರೆ ದಾರಿಯಲ್ಲಿ ಕಳಿಸುತ್ತವೆ. ನಿಮ್ಮ ಕಂಪನಿ ಮುಂಬೈಗೆ ಹೋಗಬೇಕಾದ್ದನ್ನು ಸಿಂಗಾಪುರ ಸುತ್ತಿಸುತ್ತಿದ್ದರೆ ಉಪಯೋಗ ಆಗಬಹುದು. ಮನೆಯೊಳಗಿನ ವೈಫೈ ಕೆಟ್ಟಿದ್ದರೆ ಸುಮ್ನೆ ದುಡ್ಡು ದಂಡ.

ಅಡಿಕೆತೋಟ_ಗೇಮರ್ (ಭಾನುವಾರ, ರಾತ್ರಿ 9:18)

ಅಣ್ಣ, ನಂಬೋಕೆ ಆಗುತ್ತಿಲ್ಲ. ಮೂರನೇ ಕಿಟಕಿ ನೋಡುವ ಮೊದಲೇ ಮೊದಲನೆಯದರಲ್ಲಿ ಸಿಕ್ಕಿಬಿತ್ತು.

ರೂಟರ್ ಇರೋದು ಜಗಲಿಯಲ್ಲಿ. ನಾನು ಕೂತಿರೋದು ಎರಡು ಕೋಣೆ ಆಚೆ. ಅಲ್ಲಿಗೆ ಹೋಗಿ ಬರೋಕೆ ಬಂದ ಸಂಖ್ಯೆ ಹೀಗಿದೆ: 4, 6, 5, 212, 187, 9, 340, 5, ಆಮೇಲೆ ಎರಡು ಸಲ ರಿಕ್ವೆಸ್ಟ್ ಟೈಮ್ಡ್ ಔಟ್, ಅಂದರೆ ಉತ್ತರವೇ ಇಲ್ಲ. ಮಧ್ಯಾಹ್ನ ಮಾಡಿದಾಗ ಎಲ್ಲಾ 2, 3 ಇತ್ತು.

ಅಂದರೆ ಇದರಲ್ಲಿ ಕೇಬಲ್‌ನವರ ತಪ್ಪೇನೂ ಇಲ್ಲವಾ? ಅವರ ಹತ್ತಿರ ಏನೇನೋ ಮಾತಾಡಿದ್ದೇನೆ ಮಾರಾಯ್ರೇ.

ಪ್ಯಾಕೆಟ್_ಪುರಾಣ (ಭಾನುವಾರ, ರಾತ್ರಿ 9:31)

ನಿಮ್ಮ ಪ್ಯಾಕೆಟ್ ಮನೆಯ ಹೊಸಿಲೇ ದಾಟುತ್ತಿಲ್ಲ. ಹೊರಗಿನ ಲೈನ್ ಈಗ ಲೆಕ್ಕಕ್ಕೇ ಬರಲ್ಲ.

ಎರಡು ಪ್ರಶ್ನೆ. ವೈಫೈಗೆ ಎರಡು ಬ್ಯಾಂಡ್ ಇರುತ್ತವೆ, ಲ್ಯಾಪ್‌ಟಾಪ್ 2.4 ಗಿಗಾಹರ್ಟ್ಸ್‌ನಲ್ಲಿ ಇದೆಯೋ 5ರಲ್ಲಿಯೋ? ಮತ್ತೆ, ಸಂಜೆ ಏಳರ ಮೇಲೆ ನಿಮ್ಮ ವೈಫೈನಲ್ಲಿ ಏನೇನು ಓಡುತ್ತದೆ? ಒಂದನ್ನೂ ಬಿಡದೆ ಪಟ್ಟಿ ಮಾಡಿ.

ಮೈಸೂರು_ಮಿಡ್‌ಲೇನ್ (ಭಾನುವಾರ, ರಾತ್ರಿ 9:40)

ಪಕ್ಕದ ಮನೆಯವರ ವೈಫೈ ಚಾನೆಲ್ ಡಿಕ್ಕಿ ಹೊಡೆಯುತ್ತಿರಬಹುದು. 2.4ರಲ್ಲಿ 1, 6, 11 ಮೂರೇ ಚಾನೆಲ್ ಒಂದರ ಮೇಲೊಂದು ಬೀಳದೆ ಇರೋದು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೋಡಿದರೆ 23 ವೈಫೈ ಕಾಣಿಸುತ್ತವೆ, ಎಲ್ಲಾ ಚಾನೆಲ್ 6.

ಅಡಿಕೆತೋಟ_ಗೇಮರ್ (ಭಾನುವಾರ, ರಾತ್ರಿ 9:52)

ಪಕ್ಕದ ಮನೆ ಅರ್ಧ ಕಿಲೋಮೀಟರ್ ದೂರ ಇದೆ ಗುರು. ನಡುವೆ ಒಂದು ಹಳ್ಳ, ಒಂದು ತೋಟ.

ಲ್ಯಾಪ್‌ಟಾಪ್ 2.4ರಲ್ಲಿ ಇದೆ. ನಮ್ಮದು ಅಜ್ಜನ ಕಾಲದ ಮಣ್ಣಿನ ಗೋಡೆ, ಮೊಳ ದಪ್ಪ. 5 ಗಿಗಾಹರ್ಟ್ಸ್ ಜಗಲಿ ದಾಟುವುದರೊಳಗೆ ಸತ್ತುಹೋಗುತ್ತದೆ.

ಪಟ್ಟಿ: ನನ್ನ ಲ್ಯಾಪ್‌ಟಾಪ್, ನನ್ನ ಫೋನ್, ಅಮ್ಮನ ಫೋನ್, ಅಪ್ಪಯ್ಯನ ಫೋನ್, ಟಿವಿ. ಟಿವಿ ಆರಿಸಿ ನೋಡಿದೆ, ಏನೂ ವ್ಯತ್ಯಾಸ ಇಲ್ಲ.

ಕೇಬಲ್_ಕಾಕಾ (ಸೋಮವಾರ, ಬೆಳಿಗ್ಗೆ 6:45)

ನಾನು ಬೆಳಗಾವಿ ಜಿಲ್ಲೆಯಲ್ಲಿ ಇದೇ ಕೇಬಲ್ ಕೆಲಸ ಮಾಡುವವನು. ನೀವು ಬೈತೀರಲ್ಲ, ಆ ಪಾರ್ಟಿ. ಅದಕ್ಕೇ ಎರಡು ಮಾತು.

ತಮ್ಮಾ, ಫೋನ್ ಮಾಡಿ "ನೆಟ್ ಸ್ಲೋ" ಅಂತಾರೆ. ಹೋಗಿ ನೋಡಿದರೆ ರೂಟರನ್ನು ಗಾಡ್ರೇಜ್ ಬೀರುವಿನ ಹಿಂದೆ ಇಟ್ಟಿರ್ತಾರೆ. ಒಬ್ಬರು ಧೂಳು ಕೂರಬಾರದು ಅಂತ ಸ್ಟೀಲ್ ಡಬ್ಬದ ಒಳಗೆ ಇಟ್ಟಿದ್ದರು. ನಮ್ಮ ಕಡೆಯಿಂದ ತಪ್ಪು ಆಗಲ್ಲ ಅಂತಲ್ಲ. ಅಳಿಲು ಫೈಬರ್ ಕಡಿಯುತ್ತದೆ, ಇಲಿ ಕಡಿಯುತ್ತದೆ, ಗೋಡೆ ಮೂಲೆಯಲ್ಲಿ ವೈರ್ ಮಡಚಿ ಮೊಳೆ ಹೊಡೆದರೆ ಬೆಳಕು ಸೋರುತ್ತದೆ. ಅದನ್ನು ನೋಡೋಕೆ ರೂಟರ್ ಪುಟದಲ್ಲಿ ಆಪ್ಟಿಕಲ್ ಪವರ್ ಅಂತ ಇರುತ್ತದೆ, ಬರುವ ಬೆಳಕಿನ ಬಲ ಎಷ್ಟು ಅಂತ. ಮೈನಸ್ 15ರಿಂದ 25 ಡಿಬಿಎಂ ಒಳಗೆ ಇದ್ದರೆ ನಿದ್ದೆ ಮಾಡಿ. ಮೈನಸ್ 27ಕ್ಕಿಂತ ಕೆಳಗಿಳಿದರೆ ನಮ್ಮನ್ನು ಕರೆಯಿರಿ, ಆಗ ಬಯ್ದರೂ ನ್ಯಾಯ.

ಈಗ ನಿನ್ನ ವಿಷಯ. ಸಂಜೆ ಏಳು, ಒಂದು ತಿಂಗಳಿಂದ, ಹೆಸರು ಅಡಿಕೆತೋಟ. ನಿಮ್ಮ ಕಡೆ ಈಗ ಕೊಯ್ಲು ನಡೆದಿರಬೇಕಲ್ಲ? ಅಂಗಳದಲ್ಲಿ ಕ್ಯಾಮೆರಾ ಹಾಕಿಸಿದ್ದೀರೇನು?

ಅಡಿಕೆತೋಟ_ಗೇಮರ್ (ಸೋಮವಾರ, ಬೆಳಿಗ್ಗೆ 7:30)

ಕಾಕಾ!!!

ಹೌದು. ನಾಲ್ಕು ಕ್ಯಾಮೆರಾ. ಕೊನೆಕೊಯ್ಲು (ಅಡಿಕೆ ಗೊನೆ ಇಳಿಸೋದು) ಶುರುವಾದ ವಾರವೇ ಅಪ್ಪಯ್ಯ ಹಾಕಿಸಿದ್ದು. ಎರಡು ಅಡಿಕೆ ಒಣಗಿಸುವ ಅಂಗಳಕ್ಕೆ, ಒಂದು ಕೊಟ್ಟಿಗೆ ಹತ್ತಿರ, ಒಂದು ಗೇಟಿಗೆ. ಎಲ್ಲಾ ವೈಫೈ. ಅವು ನೆಟ್ ಬಳಸುತ್ತವೆ ಅಂತ ನನಗೆ ಹೊಳೆಯಲೇ ಇಲ್ಲ. ನೆಟ್ ಅಂದರೆ ಫೋನು, ಲ್ಯಾಪ್‌ಟಾಪ್ ಅಂತಲೇ ತಲೆಯಲ್ಲಿ.

ಆದರೆ ಅವು ಹಗಲೂ ಇರುತ್ತವಲ್ಲ? ರಾತ್ರಿ ಮಾತ್ರ ಯಾಕೆ?

ಕೇಬಲ್_ಕಾಕಾ (ಸೋಮವಾರ, ಬೆಳಿಗ್ಗೆ 7:50)

ಏನಾದರೂ ಅಲ್ಲಾಡಿದರೆ ಮಾತ್ರ ವಿಡಿಯೋ ಮೇಲೆ ಕಳಿಸುವ ಸೆಟ್ಟಿಂಗ್ ಇರುತ್ತದೆ. ರಾತ್ರಿ ಕ್ಯಾಮೆರಾ ತನ್ನ ದೀಪ ಹಚ್ಚುತ್ತದೆ. ದೀಪಕ್ಕೆ ಹುಳ ಬರುತ್ತವೆ. ಜೇಡ ಅಲ್ಲೇ ಬಲೆ ಕಟ್ಟುತ್ತದೆ. ಲೆನ್ಸ್ ಮುಂದೆ ಒಂದು ಹುಳ ಹಾರಿದರೂ ಕ್ಯಾಮೆರಾಗೆ ಅದು ಕಳ್ಳನೇ. ರಾತ್ರಿಯಿಡೀ ಹುಳದ ಸಿನಿಮಾ ಕಳಿಸ್ತಾ ಕೂತಿರುತ್ತದೆ.

ಅಡಿಕೆತೋಟ_ಗೇಮರ್ (ಸೋಮವಾರ, ರಾತ್ರಿ 8:40)

ಅಪ್ಪಯ್ಯ ಪೇಟೆಗೆ ಹೋಗಿದ್ದಾಗ ಹತ್ತು ನಿಮಿಷ ನಾಲ್ಕನ್ನೂ ಆರಿಸಿದೆ. ರೂಟರ್ ಪಿಂಗ್ 3, 3, 2, 4, 3. ಮತ್ತೆ ಹಾಕಿದೆ, 190.

ಫೋನಿನ ಆಪ್ ತೆರೆದು ನೋಡಿದರೆ ನಿನ್ನೆ ರಾತ್ರಿಯ ವಿಡಿಯೋಗಳು ಬರೀ ಹುಳ, ಒಂದು ನಮ್ಮದೇ ನಾಯಿ, ಒಂದು ಕಡೆ ಅಪ್ಪಯ್ಯ ಬ್ಯಾಟರಿ ಹಿಡಿದುಕೊಂಡು ಅಡಿಕೆ ನೋಡೋಕೆ ಬಂದದ್ದು.

ಒಂದು ಅರ್ಥ ಆಗಲಿಲ್ಲ. ಒಂದೊಂದು ಕ್ಯಾಮೆರಾ 2 ಎಂಬಿಪಿಎಸ್ ಅಂತ ತೋರಿಸುತ್ತದೆ. ನಾಲ್ಕು ಸೇರಿ 8. ವೈಫೈ 100 ದಾಟಿ ಓಡುತ್ತದೆ ಅಂತಾರೆ. 8ಕ್ಕೆ ಯಾಕೆ ಉಸಿರು ಕಟ್ಟಬೇಕು?

ಪ್ಯಾಕೆಟ್_ಪುರಾಣ (ಸೋಮವಾರ, ರಾತ್ರಿ 10:02)

ಮೊದಲು ಕಾಕಾ ಅವರಿಗೆ ನಮಸ್ಕಾರ. ನಾನು ಇನ್ನೂ ನಾಲ್ಕು ಪ್ರಶ್ನೆ ಕೇಳಿ ಸುತ್ತಾಡುತ್ತಿದ್ದೆ.

ಪ್ರಶ್ನೆ ಒಳ್ಳೆಯದು. ವೈಫೈನಲ್ಲಿ ಒಂದು ಚಾನೆಲ್ ಮೇಲೆ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಉಳಿದವರು ಕಾಯಬೇಕು. ಹಾಗಾಗಿ ಎಷ್ಟು ಡೇಟಾ ಅನ್ನೋದಕ್ಕಿಂತ ಗಾಳಿಯನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಂಡರು ಅನ್ನೋದು ಮುಖ್ಯ. ಹತ್ತಿರ ಇರುವ ಫೋನ್ ವೇಗವಾಗಿ ಮಾತಾಡಿ ಮುಗಿಸುತ್ತದೆ. ಗೇಟಿನ ಕ್ಯಾಮೆರಾಗೆ ಸಿಗ್ನಲ್ ಒಂದೋ ಎರಡೋ ಕಡ್ಡಿ. ಅದು ತಪ್ಪಾಗದಿರಲಿ ಅಂತ ನಿಧಾನಕ್ಕೆ, ಬಿಡಿಸಿ ಬಿಡಿಸಿ ಹೇಳುತ್ತದೆ. 144 ಎಂಬಿಪಿಎಸ್ ವೇಗದಲ್ಲಿ ಹೇಳಬಹುದಾದ್ದನ್ನು 6ರಲ್ಲಿ ಹೇಳಿದರೆ ಅದೇ ಮಾತಿಗೆ 24 ಪಟ್ಟು ಹೊತ್ತು. ಕೇಳಿಸದಿದ್ದರೆ ಮತ್ತೆ ಮೊದಲಿಂದ. ಸಭೆಯಲ್ಲಿ ಒಬ್ಬ ಹಿರಿಯರು ಮೈಕ್ ಹಿಡಿದರೆ ಬಿಡಲ್ಲವಲ್ಲ, ಹಾಗೆ. ನಿಮ್ಮ ಲ್ಯಾಪ್‌ಟಾಪ್ ಒಂದೇ ಒಂದು ಮಾತು ಹೇಳೋಕೆ ಕೈ ಎತ್ತಿಕೊಂಡು ನಿಂತಿರುತ್ತದೆ.

ಸ್ಪೀಡ್ ಟೆಸ್ಟಿನಲ್ಲಿ ಇದು ಕಾಣಲ್ಲ. ಅದು ಹಲವು ಸೆಕೆಂಡಿನ ಒಟ್ಟು ಲೆಕ್ಕ ಕೊಡುತ್ತದೆ, ನಡುವಿನ 200 ಮಿಲಿಸೆಕೆಂಡಿನ ತಡೆ ಅದರಲ್ಲಿ ಕರಗಿಹೋಗುತ್ತದೆ.

ಮದ್ದು: ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಎಳೆಯಿರಿ. ಕ್ಯಾಟ್ 6 ಅನ್ನುವ ನಮೂನೆ ಸಾಕು. 100 ಮೀಟರ್ ತನಕ ಯೋಚನೆ ಇಲ್ಲ. ಇದಕ್ಕಿಂತ ಅಗ್ಗದ, ಗ್ಯಾರಂಟಿ ಮದ್ದು ಇನ್ನೊಂದಿಲ್ಲ. ಗೇಮಿಂಗ್ ರೂಟರ್ ಅಂತ ಆರು ಕೊಂಬಿನ ರಾಕ್ಷಸನನ್ನು ತರಬೇಡಿ. ಗೇಟಿನ ಕ್ಯಾಮೆರಾ ನಿಧಾನವಾಗಿ ಮಾತಾಡೋದನ್ನು ಅದೂ ತಪ್ಪಿಸಲ್ಲ.

ಆಮೇಲೆ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಚಲನೆ ನೋಡುವ ಜಾಗವನ್ನು ಅಂಗಳಕ್ಕೆ ಮಾತ್ರ ಸೀಮಿತ ಮಾಡಿ, ಸೂಕ್ಷ್ಮತೆ ಇಳಿಸಿ. ಮೆಮೊರಿ ಕಾರ್ಡ್ ಹಾಕುವ ಜಾಗ ಇದ್ದರೆ ಅದರಲ್ಲೇ ರೆಕಾರ್ಡ್ ಆಗಲಿ.

ಅಡಿಕೆತೋಟ_ಗೇಮರ್ (ಮುಂದಿನ ಭಾನುವಾರ, ರಾತ್ರಿ 10:20)

ವರದಿ ಒಪ್ಪಿಸುತ್ತಿದ್ದೇನೆ. ಸಾಗರಕ್ಕೆ ಹೋಗಿ 25 ಮೀಟರ್ ಕೇಬಲ್ ತಂದೆ. ಮಣ್ಣಿನ ಗೋಡೆ ಕೊರೆಯೋಕೆ ಅಪ್ಪಯ್ಯ ಬಿಡಲಿಲ್ಲ. ಕೊನೆಗೆ ಅಟ್ಟದ ಮೇಲಿಂದ, ಜಂತಿ ಪಕ್ಕದಲ್ಲಿ ಎಳೆದು ಇಳಿಸಿದೆ. ಮೈಯೆಲ್ಲ ಮಸಿ.

ರೂಟರ್ ಪಿಂಗ್ ಈಗ 1ಕ್ಕಿಂತ ಕಡಿಮೆ, ಒಂದೇ ಸಮ. ಆಟದಲ್ಲಿ 38ರಿಂದ 41. ಅಪ್ಪಯ್ಯನ ಕ್ಯಾಮೆರಾ ನಾಲ್ಕೂ ಓಡುತ್ತಿವೆ, ಜೇಡರ ಬಲೆ ಗುಡಿಸಿದ್ದೇನೆ. ಸೆಟ್ಟಿಂಗ್ ಮಾತ್ರ ಮುಟ್ಟಲು ಬಿಡಲಿಲ್ಲ. "ಕಳ್ಳ ಬಂದ ದಿನವೇ ನಿನ್ನ ಸೂಕ್ಷ್ಮತೆ ಕಮ್ಮಿ ಆಗಿರುತ್ತದೆ" ಅಂದರು.

ಆದರೆ ಇನ್ನೊಂದು ಶುರು. ಶುಕ್ರವಾರ ರಾತ್ರಿ ಒಂದು ಇಪ್ಪತ್ತು ನಿಮಿಷ ಆಟದಲ್ಲಿ 180, 220. ಈ ಸಲ ಮೂರು ಕಿಟಕಿಯೂ ನೋಡಿದೆ. ರೂಟರ್ 1ಕ್ಕಿಂತ ಕಡಿಮೆ. ಕೇಬಲ್‌ನವರ ಮೊದಲ ವಿಳಾಸ 170. ಈಗಲಾದರೂ ಅವರಿಗೆ ಫೋನ್ ಮಾಡಲಾ?

ಪ್ಯಾಕೆಟ್_ಪುರಾಣ (ಭಾನುವಾರ, ರಾತ್ರಿ 10:45)

ತಡೆಯಿರಿ. ಶುಕ್ರವಾರ ಆ ಹೊತ್ತಲ್ಲಿ ಯಾರಾದರೂ ಫೋಟೋ, ವಿಡಿಯೋ ಏನಾದರೂ ಮೇಲೆ ಕಳಿಸಿದರಾ?

ಅಡಿಕೆತೋಟ_ಗೇಮರ್ (ಭಾನುವಾರ, ರಾತ್ರಿ 10:58)

ಅಮ್ಮ ಅವತ್ತು ಶಿರಸಿಯಲ್ಲಿ ಮದುವೆ ಮುಗಿಸಿ ಬಂದಿದ್ದರು. ಅವರ ಫೋನ್ ತಾನಾಗೇ ಬ್ಯಾಕಪ್ ಮಾಡುತ್ತದೆ. ಮುನ್ನೂರು ಫೋಟೋ, ಊಟದ ಪಂಕ್ತಿಯ ವಿಡಿಯೋ ಬೇರೆ.

ಅಯ್ಯೋ. ಗೊತ್ತಾಯಿತು. ಆದರೆ ಗೊತ್ತಾಗಲಿಲ್ಲ. ನಾನು ಕೇಬಲ್‌ನಲ್ಲಿ ಇದ್ದೇನಲ್ಲ?

ಪ್ಯಾಕೆಟ್_ಪುರಾಣ (ಭಾನುವಾರ, ರಾತ್ರಿ 11:20)

ನೀವು ಸಾಗರದವರು, ಸಿಗಂದೂರಿನ ಲಾಂಚ್ ನೋಡಿರುತ್ತೀರಿ. ನೀರು ದಾಟೋಕೆ ಲಾಂಚಿಗೆ ಹಿಡಿಯುವ ಹೊತ್ತು ಯಾವಾಗಲೂ ಅಷ್ಟೇ. ಆದರೆ ಹಬ್ಬದ ದಿನ ಹೊಳೆಬಾಗಿಲಿನಲ್ಲಿ ಬಸ್ಸು, ಕಾರು ಸಾಲುಗಟ್ಟಿದಾಗ ಒಬ್ಬ ಬೈಕಿನವನೂ ಆ ಸಾಲಿನ ಹಿಂದೆ ನಿಲ್ಲಬೇಕಿತ್ತು. ಬೈಕ್ ನಿಮ್ಮ ಆಟದ ಪ್ಯಾಕೆಟ್. ಬಸ್ಸುಗಳು ಅಮ್ಮನ ಮದುವೆ ವಿಡಿಯೋ. ಲಾಂಚ್ ನಿಮ್ಮ 10 ಎಂಬಿಪಿಎಸ್ ಅಪ್‌ಲೋಡ್. (2025ರ ಜುಲೈನಲ್ಲಿ ಸೇತುವೆ ಆಯಿತು, ನನ್ನ ಉದಾಹರಣೆಗೆ ವಯಸ್ಸಾಯಿತು.)

ರೂಟರ್ ಒಳ್ಳೆಯ ಮನಸ್ಸಿನಿಂದ ಒಂದನ್ನೂ ಬಿಸಾಡದೆ ಎಲ್ಲವನ್ನೂ ಸಾಲಿನಲ್ಲಿ ನಿಲ್ಲಿಸುತ್ತದೆ. ಸಾಲು ಬೆಳೆದಷ್ಟೂ ನಿಮ್ಮ ಪಿಂಗ್ ಬೆಳೆಯುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರು. 2010ರ ಸುಮಾರಿಗೆ ಜಿಮ್ ಗೆಟ್ಟಿಸ್ ಅನ್ನುವ ಇಂಜಿನಿಯರ್ ತಮ್ಮ ಮನೆಯ ಲೈನಿನಲ್ಲೇ ಇದನ್ನು ಹಿಡಿದು, ಎಲ್ಲರಿಗೂ ತಿಳಿಯುವ ಹಾಗೆ ಹೇಳಿದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಅನ್ನುವ ಉಪಾಯ ಕೊಟ್ಟರು. ಪ್ಯಾಕೆಟ್ ಸಾಲಿನಲ್ಲಿ ಎಷ್ಟು ಹೊತ್ತು ನಿಂತಿದೆ ಅಂತ ನೋಡಿ, ಜಾಸ್ತಿ ಆದರೆ ಒಂದೆರಡನ್ನು ಬಿಸಾಡಿ, ಕಳಿಸುವವನಿಗೆ ನಿಧಾನ ಮಾಡು ಅಂತ ಸೂಚನೆ ಕೊಡೋದು. ಅದರಿಂದ ಬೆಳೆದ ಎಫ್‌ಕ್ಯೂ ಕೋಡೆಲ್, ಕೇಕ್ ಇವು ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಮುಕ್ತ ಸಾಫ್ಟ್‌ವೇರ್ ಇರುವ ರೂಟರುಗಳಲ್ಲಿ ಎಸ್‌ಕ್ಯೂಎಂ ಹೆಸರಲ್ಲಿ ಸಿಗುತ್ತವೆ. ಬೈಕಿಗೆ ಬೇರೆ ಸಾಲು ಮಾಡಿಕೊಟ್ಟ ಹಾಗೆ.

ಒಂದು ಗುಟ್ಟು ಇದೆ. ಎಸ್‌ಕ್ಯೂಎಂನಲ್ಲಿ ವೇಗದ ಮಿತಿಯನ್ನು ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕೆಳಗೆ ಇಡಬೇಕು, 85ರಿಂದ 90 ಶೇಕಡಾ. ನಿಮಗೆ ಅಪ್‌ಲೋಡ್ 8.5. ಆಗ ಸಾಲು ಕಟ್ಟುವುದು ನಿಮ್ಮ ಕೈಯಲ್ಲಿರುವ ಪೆಟ್ಟಿಗೆಯಲ್ಲಿ.

ಇದಕ್ಕೆಲ್ಲ ಬೇರೆ ರೂಟರ್ ಬೇಕು. ಅದಕ್ಕೂ ಮೊದಲು ಬಿಟ್ಟಿ ಉಪಾಯ: ಅಮ್ಮನ ಫೋನಿನ ಬ್ಯಾಕಪ್ ನಿಲ್ಲಿಸಿಟ್ಟು ನೀವು ಮಲಗುವಾಗ ಹಾಕಿ. ಕ್ಯಾಮೆರಾಗಳೇ 10ರಲ್ಲಿ 8 ತಿನ್ನುತ್ತಿವೆ. ಎನ್‌ಕೋಡಿಂಗ್ (ವಿಡಿಯೋ ಕುಗ್ಗಿಸುವ ವಿಧಾನ) ಎಚ್ 264 ಇದ್ದರೆ 265ಕ್ಕೆ ಬದಲಿಸಿ ಬಿಟ್‌ರೇಟ್ ಇಳಿಸಿ. ಚಿತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಕಳ್ಳನೂ ಸಿಗುತ್ತಾನೆ. ಅಪ್ಪಯ್ಯನಿಗೆ ಹಾಗೆ ಹೇಳಿ.

ಫ್ರಾಂಕ್‌ಫರ್ಟ್_ರವೆಉಂಡೆ (ಸೋಮವಾರ, ಬೆಳಗಿನ ಜಾವ 3:10)

ಓದುತ್ತಾ ಇದ್ದೆ. ನನ್ನದು ಇದಕ್ಕೆ ಪೂರ್ತಿ ಉಲ್ಟಾ ಕಥೆ. ನಾನು ಜರ್ಮನಿಯಲ್ಲಿ, ತಮ್ಮ ಮೈಸೂರಿನಲ್ಲಿ. ಶನಿವಾರ ಇಬ್ಬರೂ ಮುಂಬೈ ಸರ್ವರ್‌ನಲ್ಲಿ ಆಡುತ್ತೇವೆ. ನನಗೆ 130ರ ಆಸುಪಾಸು, ಅಭ್ಯಾಸ ಆಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ 200 ದಾಟಿತು. ನಾನೂ ಮನೆಯಲ್ಲಿ ಎಲ್ಲಾ ಕಿತ್ತು ಹಾಕಿದೆ. ಕೇಬಲ್ ಬದಲಿಸಿದೆ, ರೂಟರ್ ರೀಸೆಟ್ ಮಾಡಿದೆ, ಹೆಂಡತಿಯ ಫೋನ್ ಆರಿಸಿ ಬೈಸಿಕೊಂಡೆ. ಕೊನೆಗೆ ಸುದ್ದಿ ನೋಡಿದರೆ ಕೆಂಪು ಸಮುದ್ರದಲ್ಲಿ ಜೆಡ್ಡಾ ಹತ್ತಿರ ಸಮುದ್ರದಡಿಯ ಕೇಬಲ್ ತುಂಡಾಗಿತ್ತು. ಟ್ರಾಫಿಕ್ ಎಲ್ಲಾ ಸುತ್ತು ದಾರಿ ಹಿಡಿದಿತ್ತು. ಆಗ ಮಾಡೋಕೆ ಏನೂ ಇಲ್ಲ. ನಾವಿಬ್ಬರೂ ಕೆಲವು ವಾರ ಚೆಸ್ ಆಡಿದೆವು.

ಮೈಸೂರು_ಮಿಡ್‌ಲೇನ್ (ಸೋಮವಾರ, ಬೆಳಿಗ್ಗೆ 8:25)

ಪುರಾಣ ಸರ್, ಇದನ್ನೆಲ್ಲ ಓದಿ ನಾನೂ ಟ್ರೇಸರ್ಟ್ ಹಾಕಿದೆ. ನಡುವೆ ಐದನೇ ಸಾಲಿನಲ್ಲಿ ಬರೀ ನಕ್ಷತ್ರ, ಏಳನೆಯದರಲ್ಲಿ 160. ಕೊನೆಯದು 24. ನನ್ನ ಲೈನ್ ಹಾಳಾಗಿದೆಯಾ?

ಪ್ಯಾಕೆಟ್_ಪುರಾಣ (ಸೋಮವಾರ, ಬೆಳಿಗ್ಗೆ 9:05)

ಕೊನೆಯದು 24 ಇದ್ದರೆ ನಡುವಿನದನ್ನು ಮರೆತುಬಿಡಿ. ದಾರಿಯ ರೂಟರುಗಳಿಗೆ ಬೇರೆಯವರ ಪ್ಯಾಕೆಟ್ ಸಾಗಿಸೋದು ಮೊದಲ ಕೆಲಸ. ನಿಮ್ಮ ವಿಚಾರಣೆಗೆ ಉತ್ತರ ಕೊಡೋದು ಪುರುಸೊತ್ತು ಇದ್ದಾಗ. ಕೆಲವು ಉತ್ತರವೇ ಕೊಡಲ್ಲ, ಅದೇ ನಕ್ಷತ್ರ. ಒಂದು ಸಾಲಿನಲ್ಲಿ ಏರಿದ್ದು ಅದರ ಮುಂದಿನ ಎಲ್ಲಾ ಸಾಲಿನಲ್ಲೂ ಇಳಿಯದೆ ಇದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಿ. ಆ ಸ್ಕ್ರೀನ್‌ಶಾಟ್ ತೆಗೆದು, ಹೊತ್ತು ಬರೆದು ಕಂಪನಿಗೆ ಕಳಿಸಿ. "ನೆಟ್ ಸ್ಲೋ" ಅನ್ನೋದಕ್ಕಿಂತ ಬೇಗ ಕೆಲಸ ಆಗುತ್ತದೆ.

ಕೇಬಲ್_ಕಾಕಾ (ಸೋಮವಾರ, ಬೆಳಿಗ್ಗೆ 9:30)

ಆಗುತ್ತದೆ. ಹಾಗೆ ಕಳಿಸುವ ಗ್ರಾಹಕ ವರ್ಷಕ್ಕೆ ಒಬ್ಬ ಸಿಕ್ಕರೆ ನಾವು ಅವರ ಮನೆಗೆ ಮೊದಲು ಹೋಗುತ್ತೇವೆ.

ಅಡಿಕೆತೋಟ_ಗೇಮರ್ (ಗುರುವಾರ, ರಾತ್ರಿ 11:15)

ಕ್ಯಾಮೆರಾ 265 ಮಾಡಿದೆ, ನಾಲ್ಕೂ ಸೇರಿ 4ಕ್ಕೆ ಇಳಿಯಿತು. ಅಮ್ಮನ ಬ್ಯಾಕಪ್ ಈಗ ನಾನು ಮಲಗುವಾಗ ಹಾಕುತ್ತೇನೆ. ಮೂರು ದಿನದಿಂದ 40 ದಾಟಿಲ್ಲ. ರ್‍ಯಾಂಕ್ ಮಾತ್ರ ಏರಿಲ್ಲ. ಅದಕ್ಕೆ ಇನ್ನು ಯಾರಿಗೂ ಬೈಯುವ ಹಾಗಿಲ್ಲ.

ಕೇಬಲ್‌ನವರ ಆಫೀಸಿಗೆ ಹೋಗಿ ತಪ್ಪಾಯಿತು ಅಂದೆ. ನಕ್ಕರು. ಹೊರಡುವಾಗ "ಹಂಗಾದರೆ ನಮ್ಮ ಮನೆಯ ಕ್ಯಾಮೆರಾದ್ದೂ ಸ್ವಲ್ಪ ನೋಡಿಕೊಡು ಮಾರಾಯ, ನನ್ನ ಮಗನೂ ರಾತ್ರಿ ಹೀಗೇ ಕೂಗಾಡ್ತಾನೆ" ಅಂದರು. ಭಾನುವಾರ ಹೋಗಬೇಕು.